ಕರಿನೀರು ತಿಳಿನೀರಾದ ಕಥೆ

ಮನುಷ್ಯರಂತೆ ಮಾತುಗಳಿಗೂ ಏಳುಬೀಳುಗಳುಂಟು. ಒಂದು ಕಾಲದಲ್ಲಿ ಕೇಳಿದವರ ಎದೆ ನಡುಗಿಸುತ್ತಿದ್ದ ಪದ ಇನ್ನೊಂದು ಕಾಲಕ್ಕೆ ಸೌಮ್ಯವಾಗಿ, ಮಗುವಿನ ಬಾಯಲ್ಲೂ ಆಡುವಂತಾಗುತ್ತದೆ. ಭಾಷೆಯನ್ನು ಪಾಠ ಹೇಳಿಕೊಂಡು ಜೀವನ ಸಾಗಿಸುವ ನನ್ನಂಥವರಿಗೆ ಇಂಥ ಪದಗಳ ಜಾತಕ ನೋಡುವುದೊಂದು ಚಟ. ‘ಕರಿನೀರು’ ಅಂಥ ಪದಗಳಲ್ಲೊಂದು. ‘ಅವನಿಗೆ ಕರಿನೀರಾಯಿತು’ ಎಂದು ನಮ್ಮ ಅಜ್ಜಂದಿರು ಹೇಳಿದರೆ ಕೇಳಿದವರು ಮರುಪ್ರಶ್ನೆ ಹಾಕುತ್ತಿರಲಿಲ್ಲ. ಗಲ್ಲಿಗಿಂತ ಒಂದು ಮೆಟ್ಟಿಲು ಕೆಳಗೆ, ಬದುಕಿಗಿಂತ ನೂರು ಮೆಟ್ಟಿಲು ದೂರ, ಅದು ಆ ಶಿಕ್ಷೆಯ ಸ್ಥಾನ. ಹಿಂದಿಯವರ ‘ಕಾಲಾಪಾನಿ’ಯನ್ನು ಕನ್ನಡಿಗರು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡ ಮಾತು ಅದು. ಅಂಡಮಾನ್ ದ್ವೀಪಗಳಿಗೆ ಸಾಗಿಸಲ್ಪಟ್ಟವನು ಹಿಂದಿರುಗಿ ಬಂದಾನೆಂಬ ಆಸೆಯನ್ನು ಮನೆಯವರು ಇಟ್ಟುಕೊಳ್ಳುತ್ತಿರಲಿಲ್ಲ.

ಈಗ ಅದೇ ಅಂಡಮಾನಿಗೆ ಹೋಗಿಬರುವುದಕ್ಕೆ ನಮ್ಮ ಬಡಾವಣೆಗಳ ಸಂಸಾರಸ್ಥರು ವರ್ಷದ ಮೊದಲೇ ಹಣ ಕೂಡಿಡುತ್ತಾರೆ. ನಾಲ್ಕು ರಾತ್ರಿ, ಐದು ಹಗಲು, ಎರಡು ಕಡಲತೀರ, ಒಂದು ಸೆರೆಮನೆ ಎಂದು ಪ್ರವಾಸದ ಪಟ್ಟಿ ಸಿದ್ಧವಾಗಿರುತ್ತದೆ. ಶಿಕ್ಷೆಯಾಗಿದ್ದದ್ದು ಹೇಗೆ ಬಹುಮಾನವಾಯಿತು? ಒಂದೂವರೆ ಶತಮಾನದಲ್ಲಿ ನೀರಿನ ಬಣ್ಣವೇನೂ ಬದಲಾಗಿಲ್ಲ. ಅದು ಎಂದೂ ಕಪ್ಪಾಗಿರಲಿಲ್ಲ. ಬದಲಾದದ್ದು ಅದನ್ನು ಯಾರು, ಯಾವ ಸ್ಥಿತಿಯಲ್ಲಿ ನಿಂತು ನೋಡುತ್ತಿದ್ದಾರೆ ಎಂಬುದು.

ಕಡಲತೀರವು ಸಂತೋಷದ ಸ್ಥಳವೆಂಬ ಭಾವನೆಯೇ ಬಹಳ ಹಳೆಯದಲ್ಲ. ನಮ್ಮಲ್ಲಿ ಸಮುದ್ರಸ್ನಾನವಿತ್ತು. ಆದರೆ ಅದು ಅಮಾವಾಸ್ಯೆಗೆ, ಗ್ರಹಣಕ್ಕೆ, ಪಿತೃಕಾರ್ಯಕ್ಕೆ. ಮುಳುಗಿ ಎದ್ದವರು ಮೈ ಒರೆಸಿಕೊಂಡು ಹೊರಟುಬಿಡುತ್ತಿದ್ದರೇ ಹೊರತು ಮರಳಿನ ಮೇಲೆ ಮಲಗಿ ಹೊತ್ತು ಕಳೆಯುತ್ತಿರಲಿಲ್ಲ. ಕಡಲನ್ನು ದಾಟುವುದಂತೂ ಅನೇಕ ಜಾತಿಗಳವರಿಗೆ ಪ್ರಾಯಶ್ಚಿತ್ತಕ್ಕೆ ಕಾರಣವಾಗುವ ದೋಷ. ದಂಡೆಯಲ್ಲಿ ಬದುಕುವ ಮೊಗವೀರರಿಗೂ ಖಾರ್ವಿಗಳಿಗೂ ಅದು ದುಡಿಮೆಯ ಹೊಲ. ಹೊಲದಲ್ಲಿ ಯಾರೂ ವಿಹಾರ ಮಾಡುವುದಿಲ್ಲ. ಐರೋಪ್ಯರೂ ಇದರಲ್ಲಿ ನಮಗಿಂತ ಬಹಳ ಮುಂದಿರಲಿಲ್ಲ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ರಿಚರ್ಡ್ ರಸೆಲ್ ಎಂಬ ಆಂಗ್ಲ ವೈದ್ಯ ಕಡಲ ನೀರಿನಲ್ಲಿ ಮೀಯುವುದನ್ನೂ, ಅದನ್ನು ಕುಡಿಯುವುದನ್ನೂ ಔಷಧವೆಂದು ಬರೆದುಕೊಟ್ಟ. ರೋಗಿಗಳು ಬ್ರೈಟನ್ ಎಂಬ ಮೀನುಗಾರರ ಹಳ್ಳಿಗೆ ಬಂದರು. ಅವರ ಹಿಂದೆ ಶ್ರೀಮಂತರು, ಶ್ರೀಮಂತರ ಹಿಂದೆ ರೈಲು, ರೈಲಿನ ಹಿಂದೆ ಕಾರ್ಖಾನೆಯ ಕೂಲಿಗಾರರ ಸಂಸಾರಗಳು. ಹೀಗೆ ಔಷಧವು ಆಟವಾಯಿತು.

ಆದರೆ ಅದೇ ಆಂಗ್ಲರು ತಮ್ಮ ದಂಡೆಗಳನ್ನು ವಿಹಾರಸ್ಥಾನಗಳನ್ನಾಗಿ ಮಾಡಿಕೊಳ್ಳುತ್ತಿದ್ದ ಕಾಲದಲ್ಲೇ ದೂರದ ದ್ವೀಪಗಳ ದಂಡೆಗಳನ್ನು ಸೆರೆಮನೆಗಳನ್ನಾಗಿ ಮಾಡುತ್ತಿದ್ದರು. ಅಂಡಮಾನಿನಲ್ಲಿ ಅವರ ಮೊದಲ ಪ್ರಯತ್ನ 1789ರಲ್ಲಿ. ಆರ್ಚಿಬಾಲ್ಡ್ ಬ್ಲೇರ್ ಎಂಬ ನೌಕಾಧಿಕಾರಿ ಚಾಥಮ್ ದ್ವೀಪದಲ್ಲಿ ಒಂದು ವಸತಿಯನ್ನು ಹೂಡಿದ. ಮುಂದೆ ಅದನ್ನು ಉತ್ತರಕ್ಕೆ ಸಾಗಿಸಿದರು. ಕಾಯಿಲೆಯಿಂದ ಜನ ಸಾಯತೊಡಗಿದಾಗ 1796ರಲ್ಲಿ ಎಲ್ಲವನ್ನೂ ಬಿಟ್ಟು ಹೊರಟುಹೋದರು. ಅರುವತ್ತು ವರ್ಷಗಳ ಮೇಲೆ 1857ರ ಮಹಾಬಂಡಾಯ ಬಂತು. ದಂಗೆಯೆದ್ದವರಲ್ಲಿ ಗಲ್ಲಿಗೇರದೆ ಉಳಿದವರನ್ನು ಎಲ್ಲಿಡಬೇಕೆಂಬ ಪ್ರಶ್ನೆಗೆ ಅಂಡಮಾನ್ ಉತ್ತರವಾಯಿತು. 1858ರ ಮಾರ್ಚ್ 10ರಂದು ಡಾಕ್ಟರ್ ವಾಕರ್ ಎಂಬ ಜೈಲಧಿಕಾರಿ 200 ಬಂದಿಗಳೊಡನೆ ‘ಸೆಮಿರಾಮಿಸ್’ ಎಂಬ ಹಡಗಿನಲ್ಲಿ ಬಂದಿಳಿದ. ಬಂದಿಗಳಿಗೆ ಮೊದಲು ಸಿಕ್ಕ ಕೆಲಸ ಕಾಡು ಕಡಿಯುವುದು. ಓಡಿಹೋಗಿ ಸಿಕ್ಕಿಬಿದ್ದವರಿಗೆ ಗಲ್ಲು. ಸಿಕ್ಕದವರಿಗೆ ಕಾಡು, ಹಸಿವು, ಅಂಡಮಾನಿಗರ ಬಾಣ.

ಗೆದ್ದವರು ಅಷ್ಟಕ್ಕೇ ನಿಲ್ಲಲಿಲ್ಲ. ಮುಖ್ಯದ್ವೀಪದ ಪೂರ್ವಕ್ಕಿರುವ ರಿಚಿ ದ್ವೀಪಸಮೂಹದ ನಕ್ಷೆಯನ್ನು ನೋಡಿದರೆ ಹ್ಯಾವ್ಲಾಕ್, ನೀಲ್, ಔಟ್ರಾಮ್, ನಿಕಲ್ಸನ್, ಹೆನ್ರಿ ಲಾರೆನ್ಸ್, ಜಾನ್ ಲಾರೆನ್ಸ್ ಎಂಬ ಹೆಸರುಗಳು ಸಾಲಾಗಿ ಕಾಣುತ್ತವೆ. ಎಲ್ಲವೂ ಬಂಡಾಯವನ್ನು ಎದುರಿಸಿದ, ಅಡಗಿಸಿದ ಆಂಗ್ಲ ಸೇನಾನಿಗಳ, ಅಧಿಕಾರಿಗಳ ಹೆಸರುಗಳು. ಇವರಲ್ಲಿ ನೀಲ್ ಎಂಬುವನು ಅಲಹಾಬಾದ್, ಕಾನ್ಪುರಗಳಲ್ಲಿ ನಡೆಸಿದ ಕೊಲೆಗಳಿಗಾಗಿ ಕುಖ್ಯಾತನಾದವನು. ಸೋತವರನ್ನು ದ್ವೀಪಗಳಿಗೆ ಸಾಗಿಸಿ, ಆ ದ್ವೀಪಗಳಿಗೆ ಗೆದ್ದವರ ಹೆಸರಿಟ್ಟು, ಸೋತವರ ಬಾಯಲ್ಲೇ ಆ ಹೆಸರನ್ನು ನುಡಿಸಿದ್ದು ಶಿಕ್ಷೆಯ ಮೇಲೊಂದು ಶಿಕ್ಷೆ.

ಅಂಡಮಾನಿಗೆ ಬಂದು ಸೂರ್ಯಾಸ್ತವನ್ನು ನೋಡಲು ಹೋದ ಪ್ರಸಿದ್ಧ ಅತಿಥಿಗಳಲ್ಲೊಬ್ಬನ ಕಥೆ ಬೆಂಗಳೂರಿನವರಿಗೆ ತಿಳಿದಿರಬೇಕಾದದ್ದು. 1872ರ ಫೆಬ್ರುವರಿ 8ರಂದು ವೈಸರಾಯ್ ಲಾರ್ಡ್ ಮೇಯೋ ಬಂದೀವಸತಿಯ ತಪಾಸಣೆ ಮುಗಿಸಿ, ಸಂಜೆ ಮೌಂಟ್ ಹ್ಯಾರಿಯೆಟ್ ಬೆಟ್ಟವನ್ನು ಹತ್ತಿದ. ಅಲ್ಲಿಂದ ಮುಳುಗುವ ಸೂರ್ಯನನ್ನು ಕಣ್ತುಂಬ ನೋಡಿ ಇಳಿದು ಬರುವಾಗ ಕತ್ತಲಾಗಿತ್ತು. ಹೋಪ್‌ಟೌನ್ ಎಂಬಲ್ಲಿ ದೋಣಿಯ ಕಟ್ಟೆಯ ಮೇಲೆ ಶೇರ್ ಅಲಿ ಎಂಬ ಪಠಾಣ ಬಂದಿ ಹಿಂದಿನಿಂದ ಹಾರಿ ಚೂರಿಯಿಂದ ಇರಿದ. ಇಂಡಿಯಾದ ವೈಸರಾಯ್ ಒಬ್ಬ ಕೈದಿಯ ಕೈಯಲ್ಲಿ ಸತ್ತ. ಶೇರ್ ಅಲಿಯನ್ನು ಮಾರ್ಚ್ ತಿಂಗಳಲ್ಲಿ ವೈಪರ್ ದ್ವೀಪದಲ್ಲಿ ಗಲ್ಲಿಗೇರಿಸಿದರು. ಸತ್ತವನ ನೆನಪಿಗಾಗಿ ಬೆಂಗಳೂರಿನ ದಂಡುಪ್ರದೇಶದಲ್ಲಿ ಕಟ್ಟಿದ ಮೇಯೋ ಹಾಲ್ 1883ರಲ್ಲಿ ತೆರೆಯಿತು. ಈಗ ಅಲ್ಲಿ ನ್ಯಾಯಾಲಯಗಳಿವೆ. ವಕೀಲರೂ ಕಕ್ಷಿಗಾರರೂ ದಿನವೂ ಏರಿಳಿಯುವ ಆ ಮೆಟ್ಟಿಲುಗಳ ಹಿಂದೆ ಅಂಡಮಾನಿನ ಒಂದು ಸಂಜೆ ಇದೆ. ಕರಿನೀರು ನಮಗೆ ಅಷ್ಟೇನೂ ದೂರದ್ದಲ್ಲ.

ಬಂದೀವಸತಿಯೆಂದರೆ ಬರಿಯ ಸಂಕೋಲೆಯಲ್ಲ. ಅಲ್ಲಿಯೂ ಸಂಸಾರಗಳು ಹುಟ್ಟಿದವು. ಕೆಲವು ವರ್ಷ ನಡತೆ ಕಾಯ್ದುಕೊಂಡ ಬಂದಿಗೆ ತುಂಡು ನೆಲ ಕೊಟ್ಟು, ಸ್ವಂತ ದುಡಿಮೆಯಲ್ಲಿ ಬದುಕಲು ಬಿಡುತ್ತಿದ್ದರು. ಹೆಣ್ಣು ಬಂದಿಗಳನ್ನು ಪ್ರತ್ಯೇಕ ಸೆರೆಮನೆಯಲ್ಲಿಟ್ಟಿದ್ದರು. ಸರ್ಕಾರದ ಅಪ್ಪಣೆಯಿದ್ದರೆ ಇವರಿಬ್ಬರ ನಡುವೆ ಮದುವೆ. ಜಾತಿ, ಊರು, ಭಾಷೆ ಯಾವುದನ್ನೂ ಕೇಳಲಾಗದ ಮದುವೆ ಅದು. ಬಂಗಾಳದ ಗಂಡು, ಪಂಜಾಬದ ಹೆಣ್ಣು, ಮಕ್ಕಳಾಡುವುದು ಹಿಂದೂಸ್ತಾನಿ. ಆ ಮಕ್ಕಳ ಮಕ್ಕಳು ಇಂದಿಗೂ ತಮ್ಮನ್ನು ‘ಲೋಕಲ್ ಬಾರ್ನ್’, ಎಂದರೆ ಈ ನೆಲದಲ್ಲೇ ಹುಟ್ಟಿದವರು, ಎಂದು ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ. ನಮ್ಮ ಸುಧಾರಕರು ಭಾಷಣಗಳಲ್ಲಿ ಹಂಬಲಿಸಿದ ಜಾತಿಸಂಕರವನ್ನು ದೊರೆಗಳ ಸೆರೆಮನೆ ಬೇಡದೆಯೇ ತಂದಿತ್ತು.

ಸಂಕೋಲೆಯ ಕಡೆಯೇನೂ ಹಗುರವಾಗಿರಲಿಲ್ಲ. 1896ರಲ್ಲಿ ಆರಂಭವಾಗಿ 1906ರಲ್ಲಿ ಮುಗಿದ ಸೆಲ್ಯುಲರ್ ಜೈಲು ನಡುವಣ ಗೋಪುರದಿಂದ ಸೈಕಲ್ ಚಕ್ರದ ಕಡ್ಡಿಗಳಂತೆ ಹೊರಟ ಏಳು ಸಾಲುಗಳ ಕಟ್ಟಡ. ಒಬ್ಬನಿಗೆ ಒಂದೇ ಕೋಣೆ. ಒಂದು ಸಾಲಿನ ಬಾಗಿಲುಗಳಿಗೆ ಎದುರಾಗಿ ಇನ್ನೊಂದು ಸಾಲಿನ ಬೆನ್ನು. ಮನುಷ್ಯನ ಮುಖ ಮನುಷ್ಯನಿಗೆ ಕಾಣದಂತೆ ಲೆಕ್ಕ ಹಾಕಿ ಕಟ್ಟಿದ್ದು. ಎತ್ತು ಎಳೆಯಬೇಕಾದ ಗಾಣಕ್ಕೆ ಮನುಷ್ಯನನ್ನು ಹೂಡಿ, ದಿನಕ್ಕೆ 30 ಪೌಂಡು ಕೊಬ್ಬರಿ ಎಣ್ಣೆ ತೆಗೆಯಬೇಕೆಂದು ವಿಧಿಸುತ್ತಿದ್ದರು. ತೆಗೆಯದಿದ್ದರೆ ಛಡಿಯೇಟು. 1933ರಲ್ಲಿ ರಾಜಕೀಯ ಬಂದಿಗಳು ಉಪವಾಸ ಹೂಡಿದರು. ಲಾಹೋರ್ ಪಿತೂರಿ ಮೊಕದ್ದಮೆಯಲ್ಲಿ ಶಿಕ್ಷೆ ಹೊಂದಿ, ನಮ್ಮ ಬಳ್ಳಾರಿಯ ಸೆರೆಮನೆಯಲ್ಲಿದ್ದು, ಆ ವರ್ಷವೇ ಅಲ್ಲಿಗೆ ಸಾಗಿಸಲ್ಪಟ್ಟ ಮಹಾವೀರ ಸಿಂಹನ ಮೂಗಿಗೆ ಬಲವಂತವಾಗಿ ನಳಿಗೆ ತುರುಕಿ ಹಾಲೆರೆದಾಗ, ಹಾಲು ಶ್ವಾಸಕೋಶಕ್ಕೆ ಇಳಿದು ಅವನು ಸತ್ತ. ದೇಹವನ್ನು ಕಡಲಿಗೆಸೆದರು. ಮೋಹಿತ್ ಮೈತ್ರ, ಮೋಹನ್ ಕಿಶೋರ್ ನಾಮದಾಸ್ ಎಂಬ ಇನ್ನಿಬ್ಬರೂ ಹಾಗೆಯೇ ಹೋದರು. 1937ರಲ್ಲಿ ಮತ್ತೊಂದು ಉಪವಾಸ ನಡೆದ ಮೇಲೆಯೇ ರಾಜಕೀಯ ಬಂದಿಗಳನ್ನು ನಾಡಿಗೆ ಮರಳಿಸಿದ್ದು.

1942ರ ಮಾರ್ಚಿನಲ್ಲಿ ಜಪಾನೀಯರು ದ್ವೀಪಗಳನ್ನು ಹಿಡಿದರು. 1943ರ ಡಿಸೆಂಬರ್ ಕೊನೆಯಲ್ಲಿ ನೇತಾಜಿ ಸುಭಾಷರು ಬಂದು ಧ್ವಜವೇರಿಸಿ, ದ್ವೀಪಗಳಿಗೆ ‘ಶಹೀದ್’, ‘ಸ್ವರಾಜ್’ ಎಂಬ ಹೆಸರುಗಳನ್ನಿತ್ತರು. ಆದರೆ ಆಡಳಿತದ ಕೀಲಿ ಜಪಾನೀಯರ ಕೈಯಲ್ಲೇ ಇತ್ತು. ಗೂಢಚಾರರೆಂಬ ಅನುಮಾನದ ಮೇಲೆ 1944ರ ಜನವರಿಯಲ್ಲಿ ಹಂಫ್ರಿಗಂಜಿನಲ್ಲಿ 44 ಮಂದಿ ನಾಗರಿಕರನ್ನು ಗುಂಡಿಕ್ಕಿ ಕೊಂದರು. 1945ರ ಆಗಸ್ಟಿನಲ್ಲಿ, ಯುದ್ಧ ಮುಗಿಯುವ ಹೊಸ್ತಿಲಲ್ಲಿ, ಅನ್ನ ಸಾಲದೆ ಬಂದಾಗ, ದುಡಿಯಲಾರದವರೆಂದು ಕಂಡ ನೂರಾರು ಮಂದಿಯನ್ನು ಹಡಗಿಗೆ ಹತ್ತಿಸಿ, ಹ್ಯಾವ್ಲಾಕ್ ದ್ವೀಪದ ಬಳಿ ರಾತ್ರಿ ಕಡಲಿಗೆ ತಳ್ಳಿದರು. ಈಜಿ ದಡ ಸೇರಿದವರಲ್ಲೂ ಬಹುಮಂದಿ ನಿರ್ಜನವಾದ ಆ ದಂಡೆಯಲ್ಲಿ ಹಸಿದು ಸತ್ತರು.

ಈ ಹ್ಯಾವ್ಲಾಕೇ ಇಂದು ಪ್ರವಾಸಿಗಳ ಸ್ವರ್ಗ. 2018ರ ಡಿಸೆಂಬರಿನಿಂದ ಅದರ ಅಧಿಕೃತ ಹೆಸರು ಸ್ವರಾಜ್ ದ್ವೀಪ. ನೀಲ್ ಶಹೀದ್ ದ್ವೀಪವಾಯಿತು. ಬಂದರು ಪಟ್ಟಣವಾದ ಪೋರ್ಟ್ ಬ್ಲೇರಿಗೂ 2024ರಲ್ಲಿ ಶ್ರೀ ವಿಜಯಪುರಮ್ ಎಂದು ಹೆಸರಿಟ್ಟರು. ದೇಶ ಇಬ್ಭಾಗವಾದ ಮೇಲೆ, 1949ರಿಂದ ಮುಂದಕ್ಕೆ, ಪೂರ್ವಬಂಗಾಳದಿಂದ ಬಂದ ನಿರಾಶ್ರಿತರನ್ನು ಸರ್ಕಾರ ಅಂಡಮಾನಿನಲ್ಲಿ ನೆಲೆಗೊಳಿಸಿತು. ಹ್ಯಾವ್ಲಾಕಿಗೆ ಅವರು ಬಂದದ್ದು 1950ರ ದಶಕದಲ್ಲಿ. ಕಾಡು ಕಡಿದು, ಗದ್ದೆ ಮಾಡಿ, ಬಿಟ್ಟುಬಂದ ದೇವರುಗಳ ಹೆಸರನ್ನು ಹಳ್ಳಿಗಳಿಗಿಟ್ಟರು: ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ಇವುಗಳ ನಡುವೆ ಒಂದು ವಿಜಯನಗರವೂ ಇರುವುದನ್ನು ಕಂಡು ಕನ್ನಡಿಗನ ಕಿವಿ ನೆಟ್ಟಗಾಗುತ್ತದೆ. ಆದರೆ ಅದಕ್ಕೂ ಹಂಪೆಗೂ ಸಂಬಂಧ ಕಟ್ಟಹೊರಡುವುದು ಬೇಡ.

ಕಳೆದ ಬೇಸಿಗೆಯ ರಜೆಯಲ್ಲಿ ನಾವು ಐದು ಮಂದಿ, ನನ್ನ ತಾಯಿ, ಹೆಂಡತಿ, ಎರಡು ಮಕ್ಕಳು ಮತ್ತು ನಾನು, ಒಂದು ಇಡೀ ದಿನವನ್ನು ಈ ರಾಧಾನಗರದ ಕಡಲತೀರದಲ್ಲಿ ಕಳೆದೆವು. ‘ಕಾಶಿಗೆ ಕರೆದುಕೊಂಡು ಹೋಗು ಅಂದರೆ ಕರಿನೀರಿಗೆ ಕರೆದುಕೊಂಡು ಹೊರಟೆಯಲ್ಲಪ್ಪಾ’ ಎಂದು ನನ್ನ ತಾಯಿ ಬೆಂಗಳೂರಿನಲ್ಲಿಯೇ ಆಕ್ಷೇಪಿಸಿದ್ದರು. ಅಲ್ಲಿಗೆ ಬಂದು, ಎತ್ತರದ ಮರಗಳ ಸಾಲು ಮುಗಿದ ಕಡೆ ಒಮ್ಮೆಲೇ ತೆರೆದುಕೊಂಡ ಬೆಳ್ಳನೆಯ ಮರಳನ್ನೂ, ನವಿಲುಗರಿಯ ಬಣ್ಣದ ನೀರನ್ನೂ ಕಂಡು, ಎಷ್ಟೋ ಹೊತ್ತು ಮಾತಾಡದೆ ನಿಂತರು. ಮಕ್ಕಳು ನೀರಿಗಿಳಿದರು. ನನ್ನವಳು ಬುತ್ತಿಯ ಚಿತ್ರಾನ್ನವನ್ನು ಮರದ ನೆರಳಿನಲ್ಲಿ ಬಿಚ್ಚಿದಳು. ಅಲೆಗಳು ಬಂದು ಮರಳಿನ ಮೇಲೆ ಬರೆದದ್ದನ್ನು ಅಳಿಸಿ ಹೋಗುತ್ತಿದ್ದವು. ಕಿರಿಯವನು ಅಷ್ಟೇ ಹಟದಿಂದ ಮತ್ತೆ ತನ್ನ ಹೆಸರನ್ನು ಬರೆಯುತ್ತಿದ್ದ.

ಎಳನೀರು ಮಾರುತ್ತಿದ್ದ ಮುದುಕನೊಡನೆ ನನ್ನ ಹರಕು ಹಿಂದಿಯಲ್ಲಿ ಮಾತಿಗಿಳಿದೆ. ಅವನ ತಂದೆ ಖುಲ್ನಾ ಕಡೆಯಿಂದ ಬಂದವನಂತೆ. ‘ಆಗ ಈ ಮರಳಿನ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಬಾಬು. ಮರಳಿನಲ್ಲಿ ಭತ್ತ ಬೆಳೆಯುತ್ತದೆಯೇ? ಗದ್ದೆ ಸಿಕ್ಕವನೇ ಪುಣ್ಯವಂತ. ಈಗ ನೋಡಿ, ಗದ್ದೆಯವನು ಮರಳಿನವನ ಹತ್ತಿರ ಕೂಲಿಗೆ ಬರುತ್ತಾನೆ’ ಎಂದ. 2004ರಲ್ಲಿ ‘ಟೈಮ್’ ಪತ್ರಿಕೆ ಈ ದಂಡೆಯನ್ನು ಏಷ್ಯಾದಲ್ಲೇ ಶ್ರೇಷ್ಠವೆಂದು ಹೊಗಳಿದ ಮೇಲೆ ಪ್ರವಾಸಿಗಳ ಪ್ರವಾಹ ಹೆಚ್ಚಿತು. ಮರಳಿಗೆ ಬೆಲೆ ಬಂದದ್ದರ ಚರಿತ್ರೆಯನ್ನು ಯಾವ ಅರ್ಥಶಾಸ್ತ್ರಜ್ಞನೂ ಆ ಮುದುಕನಿಗಿಂತ ಚಿಕ್ಕದಾಗಿ ಹೇಳಲಾರ.

ಊಟದ ಮೇಲೆ ಮಗಳು ಕೇಳಿದಳು: ‘ಅಪ್ಪಾ, ಇಷ್ಟು ಚೆನ್ನಾಗಿರುವ ಜಾಗಕ್ಕೆ ಕಳಿಸುವುದನ್ನು ಶಿಕ್ಷೆ ಅಂತ ಯಾಕೆ ಅಂದರು?’ ನಾನು ಗಾಣದಿಂದ ಆರಂಭಿಸಿ 1945ರ ಆ ರಾತ್ರಿಯತ್ತ ಬರುತ್ತಿದ್ದಂತೆ ನನ್ನವಳು, ‘ರೀ, ಮಕ್ಕಳು ಇನ್ನೂ ನೀರಿಗೆ ಹೋಗಬೇಕು. ಈಗಲೇ ಹೇಳಬೇಕೆ?’ ಎಂದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ನಾನು ತಡವರಿಸಿದೆ. ಆಗ ನನ್ನ ತಾಯಿ, ‘ಹೇಳಲಿ ಬಿಡಮ್ಮಾ. ಯಾರೂ ಸಾಯದ ನೀರು ಎಲ್ಲಿದೆ? ಹಾಗಂತ ಸ್ನಾನ ಬಿಡುವುದುಂಟೆ? ತಿಳಿದುಕೊಂಡು ಮುಳುಗಿದರಾಯಿತು’ ಎಂದರು. ಎಲ್ಲವನ್ನೂ ಕೇಳಿದ ಮೇಲೆ ಅವರು ಸೆರಗು ಸಿಕ್ಕಿಸಿಕೊಂಡು ಮೊಣಕಾಲುದ್ದದ ನೀರಿಗೆ ಹೋಗಿ, ಬೊಗಸೆಯಲ್ಲಿ ನೀರೆತ್ತಿ ಮೂರು ಬಾರಿ ಬಿಟ್ಟರು. ಮೊಮ್ಮಗಳೂ ಪಕ್ಕದಲ್ಲಿ ನಿಂತು ಹಾಗೆಯೇ ಮಾಡಿದಳು. ಅನಂತರ ಇಬ್ಬರೂ ಚೆನ್ನಾಗಿ ನೆನೆದು ನಗುತ್ತ ಬಂದರು. ಚರಿತ್ರೆಯನ್ನು ಬಲ್ಲವರು ಸಂತೋಷಪಡಲಾರರೆಂಬ ಮಾತನ್ನು ನಾನು ಅಂದಿನಿಂದ ಒಪ್ಪುವುದಿಲ್ಲ.

ಆದರೆ ಸೈನಿಕರು, ಬಂದಿಗಳು, ನಿರಾಶ್ರಿತರು, ಪ್ರವಾಸಿಗಳು ಇವರೆಲ್ಲರೂ ಹೊರಗಿನಿಂದ ಬಂದವರು. ಮೊದಲಿನಿಂದ ಇದ್ದವರ ಕಥೆಯನ್ನು ಹೇಳದೆ ಈ ಚರಿತ್ರೆ ಮುಗಿಯುವುದಿಲ್ಲ. ರಿಚಿ ದ್ವೀಪಗಳಲ್ಲಿ, ಎಂದರೆ ಈ ಹ್ಯಾವ್ಲಾಕ್, ನೀಲ್‌ಗಳಲ್ಲಿ, ವಾಸವಾಗಿದ್ದವರು ಅಕರ್-ಬಾಲೆ ಎಂಬ ಜನ. ಮಹಾ ಅಂಡಮಾನಿಗರ ಹತ್ತು ಪಂಗಡಗಳಲ್ಲಿ ಅವರದೊಂದು. ಅವರಿಗೆ ಅವರದೇ ಭಾಷೆಯಿತ್ತು. ಬಂದೀವಸತಿ ಆರಂಭವಾದ 1858ರ ಸುಮಾರಿಗೆ ಹತ್ತು ಪಂಗಡಗಳೂ ಸೇರಿ ಕೆಲವು ಸಾವಿರ ಮಂದಿ ಇದ್ದರೆಂದು ಅಂದಾಜು. 1859ರ ಮೇ 17ರಂದು ಅವರು ಬಿಲ್ಲುಬಾಣ ಹಿಡಿದು ವಸತಿಯ ಮೇಲೆ ಬಿದ್ದರು. ಅವರೊಡನೆ ಒಂದು ವರ್ಷ ಬಾಳಿ, ಅಲ್ಲಿ ಮದುವೆಯನ್ನೂ ಆಗಿದ್ದ ದೂಧನಾಥ ತಿವಾರಿ ಎಂಬ ಓಡಿಹೋದ ಬಂದಿ ಮುಂಚಿತವಾಗಿ ಬಂದು ಆಂಗ್ಲರಿಗೆ ಸುದ್ದಿ ಕೊಟ್ಟ. ಅವನಿಗೆ ಬಿಡುಗಡೆ ದೊರೆಯಿತು, ಅವರಿಗೆ ಗುಂಡು.

ಗುಂಡಿಗಿಂತ ಹೆಚ್ಚು ಕೊಂದದ್ದು ಕರುಣೆ. ‘ಅಂಡಮಾನ್ ಹೋಮ್’ ಎಂಬ ಪಾಲನಾಗೃಹಗಳನ್ನು ತೆರೆದು ಅವರನ್ನು ಸಾಕಹೊರಟರು. ಅಲ್ಲಿ ಮೇಹರೋಗ ಹರಡಿತು. 1877ರಲ್ಲಿ ದಡಾರ ಬಂತು. ಆ ಗೃಹಗಳಲ್ಲಿ ಹುಟ್ಟಿದ ಸುಮಾರು 150 ಮಕ್ಕಳಲ್ಲಿ ಎರಡು ವರ್ಷ ದಾಟಿದ್ದು ಒಂದೂ ಇಲ್ಲವೆಂದು ದಾಖಲೆ. 1901ರ ಜನಗಣತಿಗೆ ಮಹಾ ಅಂಡಮಾನಿಗರು 625 ಮಂದಿ, 1961ಕ್ಕೆ 19. ಅಕರ್-ಬಾಲೆಯವರು ಅದಕ್ಕೆ ಎಷ್ಟೋ ಮೊದಲೇ ಅಳಿದರು. ಬೋ ಎಂಬ ಇನ್ನೊಂದು ಪಂಗಡದ ಭಾಷೆಯನ್ನಾಡಬಲ್ಲ ಕೊನೆಯ ವ್ಯಕ್ತಿ ಬೋವಾ ಎಂಬ ವೃದ್ಧೆ 2010ರ ಜನವರಿಯಲ್ಲಿ ತೀರಿಕೊಂಡಳು. ಅವಳಿಂದ ಪದಗಳನ್ನು ಕೇಳಿ ಬರೆದುಕೊಂಡ ಭಾಷಾಶಾಸ್ತ್ರಜ್ಞೆ ಅನ್ವಿತಾ ಅಬ್ಬಿಯವರು ಮುಂದೆ ಮಹಾ ಅಂಡಮಾನೀ ನಿಘಂಟೊಂದನ್ನು ಹೊರತಂದರು. ಮಾತಾಡಲು ಜೊತೆಗಾರರಿಲ್ಲದ ಆ ಮುದುಕಿ ಹಕ್ಕಿಗಳೊಡನೆ ಮಾತಾಡುತ್ತಿದ್ದಳಂತೆ.

ಈ ಜನ ಏನೂ ಅರಿಯದವರೆಂದು ಭಾವಿಸುವವರು 2004ರ ಡಿಸೆಂಬರ್ 26ನ್ನು ನೆನೆಯಬೇಕು. ಅಂದಿನ ಸುನಾಮಿಯಲ್ಲಿ ಅಂಡಮಾನ್–ನಿಕೋಬಾರ್‌ಗಳಲ್ಲಿ ಸಾವಿರಾರು ಜನ ಸತ್ತರು. ಲಿಟ್ಲ್ ಅಂಡಮಾನಿನ ಓಂಗೆಗಳು ಕಡಲು ಹಿಂದೆ ಸರಿದುದನ್ನು ಕಂಡೊಡನೆ ಎತ್ತರದ ನೆಲಕ್ಕೆ ಓಡಿ ಬದುಕಿಕೊಂಡರು. ಪುಸ್ತಕವಿಲ್ಲದ ಆ ವಿದ್ಯೆ ಅಜ್ಜಿಯ ಬಾಯಿಂದ ಮೊಮ್ಮಗುವಿನ ಕಿವಿಗೆ ಇಳಿದು ಬಂದದ್ದು. ಭಾಷೆ ಸತ್ತರೆ ಅದೂ ಸಾಯುತ್ತದೆ. ಇಂಥವರನ್ನು ನಾವು ನಡೆಸಿಕೊಂಡ ಬಗೆಯೇನು? ಜಾರವಾ ಜನರ ಕಾಡನ್ನು ಸೀಳಿ ಹೋಗುವ ಹೆದ್ದಾರಿಯಲ್ಲಿ ಪ್ರವಾಸಿಗಳು ವಾಹನದ ಕಿಟಕಿಯಿಂದ ಬಿಸ್ಕತ್ತು, ಬಾಳೆಹಣ್ಣು ಎಸೆದು ಅವರನ್ನು ನೋಡುತ್ತಿದ್ದರು. ಬಿಸ್ಕತ್ತಿಗಾಗಿ ಅವರ ಹೆಣ್ಣುಮಕ್ಕಳನ್ನು ಕುಣಿಸಿದ ಚಿತ್ರ 2012ರಲ್ಲಿ ಬಯಲಾದಾಗ ದೇಶ ತಲೆತಗ್ಗಿಸಬೇಕಾಯಿತು. ಹಾಗೆ ನೋಡಲು ಹೋದವರು ಕ್ರೂರಿಗಳೇನಲ್ಲ. ನಮ್ಮಂಥ ಸಂಸಾರಸ್ಥರೇ, ರಜೆಗೆ ಬಂದವರೇ.

ಆದುದರಿಂದ ಅಂಡಮಾನಿಗೆ ಹೋಗಬಾರದೆಂದು ನಾನು ಹೇಳುತ್ತಿಲ್ಲ. ಹೋಗಬೇಕು, ಅಲ್ಲಿನ ನೀರಿನಷ್ಟು ಸೊಗಸಾದ ನೀರು ಅಪೂರ್ವ. ಜಾರವಾಗಳ ದಾರಿಯನ್ನು ಮಾತ್ರ ಪ್ರವಾಸದ ಪಟ್ಟಿಯಿಂದ ಹೊಡೆದುಹಾಕಬೇಕು. ಮಕ್ಕಳಿಗೆ ನೀಲ್ ಯಾರು, ಮಹಾವೀರ ಸಿಂಹ ಯಾರು, ಅಕರ್-ಬಾಲೆಯವರು ಯಾರು ಎಂದು ದಂಡೆಯ ಮೇಲೆಯೇ ಹೇಳಬೇಕು. ಸೇನಾನಿಯ ಹೆಸರನ್ನು ತೆಗೆದು ಸ್ವರಾಜ್ಯದ ಹೆಸರನ್ನಿಟ್ಟದ್ದು ಸರಿಯೇ. ಆದರೆ ಆ ದ್ವೀಪದಲ್ಲಿ ನಾನು ಓದಿದ ಫಲಕಗಳಲ್ಲಿ ಅಂಡಮಾನಿಗರ ಭಾಷೆಯ ಒಂದು ಪದವೂ ಇರಲಿಲ್ಲ.

ನಿಘಂಟುಕಾರರಲ್ಲಿ ಒಂದು ಒಳ್ಳೆಯ ಸಂಪ್ರದಾಯವಿದೆ. ಪದಕ್ಕೆ ಹೊಸ ಅರ್ಥ ಬಂದಿತೆಂದು ಅವರು ಹಳೆಯ ಅರ್ಥವನ್ನು ಹೊಡೆದುಹಾಕುವುದಿಲ್ಲ. ಎರಡನ್ನೂ ಒಂದರ ಕೆಳಗೊಂದು ಬರೆಯುತ್ತಾರೆ. ‘ಕರಿನೀರು’ ಎಂಬಲ್ಲಿ ಮೊದಲನೆಯ ಅರ್ಥ ಅಂಡಮಾನಿನ ಗಡೀಪಾರು. ಎರಡನೆಯದಾಗಿ ‘ಸಂಸಾರಸಮೇತ ವಿಹಾರಕ್ಕೆ ಹೋಗುವ ಕಡಲು’ ಎಂದು ಸೇರಿಸುವ ಕಾಲ ಬಂದಿದೆ. ಸೇರಿಸುವಾಗ ಮೊದಲನೆಯದನ್ನು ಅಳಿಸದಿದ್ದರೆ ಸಾಕು.